ಆಫೀಸು ಮುಗಿದ ಮೇಲೂ ಮೆಸೇಜು: ಕಾನೂನು ತಂದು ತಡೆಯಬೇಕೇ?

ಪರ: ತಡೆಯಲೇಬೇಕು

ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿ ಮೂರು ದಿನ ಆಗಿತ್ತು. ರಾತ್ರಿ ಒಂಬತ್ತೂವರೆಗೆ ಅವರ ತಲೆ ಹಿಂದಕ್ಕೆ ಒರಗಿಸಿ ಡ್ರಾಪ್ಸ್ ಹಾಕುತ್ತಿದ್ದೆ. ಆಫೀಸಿನ ವಾಟ್ಸಾಪ್ ಗ್ರೂಪು ಟಿಣ್ ಅಂತು. ಕೈ ಅಲುಗಿ ಹನಿ ಅಪ್ಪನ ಕೆನ್ನೆ ಮೇಲೆ ಬಿತ್ತು. ‘ನಾಳೆಯ ಎಕ್ಸೆಲ್ ಶೀಟ್ ಒಮ್ಮೆ ನೋಡಿಬಿಡಿ’ ಅಂತ ಮ್ಯಾನೇಜರ್ ಹಾಕಿದ್ದರು. “ಹೋಗಮ್ಮಾ, ನಿನ್ನ ಕೆಲಸ ನೋಡ್ಕೋ” ಅಂದರು ಅಪ್ಪ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಶೀಟಿನಲ್ಲಿ ರಾತ್ರಿಯೇ ನೋಡುವಂಥದ್ದು ಏನೂ ಇರಲಿಲ್ಲ.

ಸಂಬಳ ಕೊಡುವುದು ಹಗಲಿನ ಕೆಲಸಕ್ಕೆ. ರಾತ್ರಿ ನನ್ನದು. ಫ್ರಾನ್ಸ್ 2017ರಲ್ಲೇ ಇದಕ್ಕೆ ಕಾನೂನು ಜಾರಿ ಮಾಡಿತು. ಆಸ್ಟ್ರೇಲಿಯಾದಲ್ಲಿ 2024ರಿಂದ, ಕೆಲಸ ಮುಗಿದ ಮೇಲೆ ಬಂದ ಮೆಸೇಜಿಗೆ ಉತ್ತರಿಸದೇ ಇರುವ ಹಕ್ಕು ನೌಕರರಿಗಿದೆ. ನಮ್ಮಲ್ಲಿ? ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇದೇ ಹಕ್ಕಿಗಾಗಿ, ಸರ್ಕಾರದ ಪರವಾಗಿ ಅಲ್ಲದೆ ತಾವಾಗಿಯೇ ತಂದ ಖಾಸಗಿ ಸದಸ್ಯರ ಮಸೂದೆ ಕಾನೂನಾಗಲಿಲ್ಲ. ಕರ್ನಾಟಕದಲ್ಲಂತೂ 2024ರಲ್ಲಿ ಐಟಿಯವರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವವೇ ಬಂತು. ನೌಕರರ ಸಂಘ ಬೀದಿಗಿಳಿಯಬೇಕಾಯಿತು.

ಅಮೆರಿಕದ ಕ್ಲೈಂಟ್ ಕಾಯ್ತಾರೆ ಅಂತಾರೆ. ಹಾಗಿದ್ರೆ ಶಿಫ್ಟ್ ಹಾಕಿ, ಅಲವೆನ್ಸ್ ಕೊಡಿ. ಎಲ್ಲರನ್ನೂ ಎಲ್ಲ ಹೊತ್ತೂ ಎಚ್ಚರ ಇಡಬೇಡಿ. ‘ನೋಡಿದರೆ ಸಾಕು, ಈಗಲೇ ಮಾಡಬೇಕಿಲ್ಲ’ ಅನ್ನುವವರೂ ಇದ್ದಾರೆ. ನೀಲಿ ಟಿಕ್ ಬಿದ್ದ ಮೇಲೆ ಸುಮ್ನೆ ಮಲಗೋಕೆ ಆಗತ್ತಾ?

ವಿರೋಧ: ಕಾನೂನು ಬೇಡ

ಈ ಕಡೆಯಿಂದ ಬರೆಯಿರಿ ಅಂದರು, ಒಪ್ಪಿದೆ. ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದ ಆ ಮಗಳ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಎಲ್ಲರೂ ಎಕ್ಸೆಲ್ ಶೀಟಿನವರಲ್ಲ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ಮೂರು ಶಿಫ್ಟ್ ನಡೆಯುತ್ತದೆ. ಬೆಳಗಿನ ಬಸ್ಸು ಕೆಟ್ಟಿದೆ ಅಂತ ರಾತ್ರಿ ಹತ್ತಕ್ಕೇ ಹೇಳದಿದ್ದರೆ 40 ಜನ ಕತ್ತಲಲ್ಲಿ ದಾಸರಹಳ್ಳಿ ರಸ್ತೆಯಲ್ಲಿ ನಿಂತಿರುತ್ತಾರೆ.

ಮೊದಲು ಗೇಟಿನ ಹತ್ತಿರ ನೋಟಿಸ್ ಬೋರ್ಡಿಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ ಅಂಟಿಸುತ್ತಿದ್ದೆವು. ಯಾರೂ ಓದುತ್ತಿರಲಿಲ್ಲ. ಈಗ ಹೆಲ್ಪರ್ ಹುಡುಗನೊಬ್ಬ ರಾತ್ರಿ ವಾಯ್ಸ್ ಮೆಸೇಜ್ ಕಳಿಸುತ್ತಾನೆ: “ಸಾರ್, ಅಮ್ಮಂಗೆ ಹುಷಾರಿಲ್ಲ, ನಾಳೆ ಬರಕ್ಕಾಗಲ್ಲ.” ಹಿಂದೆ ಅವನ ಮಾತು ನನ್ನ ತನಕ ಬರುತ್ತಲೇ ಇರಲಿಲ್ಲ. ಸೂಪರ್‌ವೈಸರ್ ಹತ್ತಿರವೇ ನಿಂತುಬಿಡುತ್ತಿತ್ತು. ಇಂಥ ದಾರಿಗೆ ಕಾನೂನಿನ ಬೀಗ ಬೀಳುವುದು ನನಗೆ ಇಷ್ಟವಿಲ್ಲ.

ಹಾಗಂತ ರಾತ್ರಿ ಶೀಟ್ ಕಳಿಸುವುದು ಸರಿ ಅಂತ ನಾನು ಹೇಳಲಾರೆ. ನಮ್ಮ ಗ್ರೂಪಿನಲ್ಲಿ ಎಂಟರ ಮೇಲೆ ಬಸ್ಸು, ರಜೆ, ಅಪಘಾತದ ವಿಷಯ ಬಿಟ್ಟು ಬೇರೇನೂ ಹಾಕುವಂತಿಲ್ಲ. ಕ್ಯಾಂಟೀನಿನಲ್ಲಿ ಕೂತು ಎಲ್ಲರೂ ಸೇರಿ ಮಾಡಿಕೊಂಡ ನಿಯಮ ಅದು.