ಸತ್ಯಾಂಶ: ಕಾಚಂಪುಳಿ ಕುಡಿದರೆ ಆಸ್ಪಿರಿನ್ ತೊಳೆದುಹೋಗುತ್ತದೆಯೇ?

ಕಾಚಂಪುಳಿ ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿ ರಸ. ವಿರಾಜಪೇಟೆ ಕಡೆಯ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಇದು: ‘ಬಿಸಿನೀರಿಗೆ ಒಂದು ಚಮಚ ಕಾಚಂಪುಳಿ ಹಾಕಿ ಕುಡಿಯಿರಿ. ಆಸ್ಪಿರಿನ್ ಪೂರ್ತಿ ತೊಳೆದುಹೋಗುತ್ತದೆ, ಮರುದಿನವೇ ಹಲ್ಲು ಕೀಳಿಸಬಹುದು.’

ತಪ್ಪು. ರಕ್ತಕ್ಕೆ ಸೇರಿದ ಆಸ್ಪಿರಿನ್ 15–20 ನಿಮಿಷದಲ್ಲೇ ಅರ್ಧಕ್ಕೆ ಇಳಿಯುತ್ತದೆ, ತೊಳೆಯುವುದೇ ಬೇಡ. ತೊಂದರೆ ಬೇರೆ ಕಡೆ ಇದೆ. ಹೋಗುವ ಮೊದಲು ಅದು ತನ್ನ ಒಂದು ತುಣುಕನ್ನು ಕಾಕ್ಸ್-1 ಎಂಬ ಕಿಣ್ವಕ್ಕೆ ಅಂಟಿಸಿಬಿಡುತ್ತದೆ. ಬೀಗದೊಳಗೆ ಮುರಿದುಕೊಂಡ ಕೀಲಿ ಇದ್ದ ಹಾಗೆ, ಅಲ್ವಾ? ಹೊಟ್ಟೆಯ ಒಳಪದರವನ್ನು ಕಾಯುವ ಪ್ರೋಸ್ಟಗ್ಲಾಂಡಿನ್ ತಯಾರಾಗುವುದು ಇದೇ ಕಿಣ್ವದಿಂದ. ಅದು ಕೆಟ್ಟರೆ ಹೊಟ್ಟೆ ಉರಿ, ಕೆಲವರಿಗೆ ಹುಣ್ಣು.

ಹೊಟ್ಟೆಯ ಕೋಶಗಳು ಹೊಸ ಕಿಣ್ವ ಮಾಡಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಹೊಸ ಕಿಣ್ವ ಮಾಡಿಕೊಳ್ಳಲು ಬೇಕಾದ ಕೋಶಕೇಂದ್ರವೇ ಇಲ್ಲ, ಪಾಪ. ಸಾಯುವ ತನಕ, ಅಂದರೆ 7ರಿಂದ 10 ದಿನ, ಕೆಟ್ಟ ಕಿಣ್ವದಲ್ಲೇ ದಿನ ದೂಡಬೇಕು, ಅದಕ್ಕೇ ಹಲ್ಲು ಕಿತ್ತಾಗ ರಕ್ತ ನಿಲ್ಲುವುದು ತಡವಾಗಬಹುದು. ಕಾಚಂಪುಳಿ ಪಂದಿಕರಿಗೆ ಬೇಕೇ ಬೇಕು. ಆದರೆ ಅಂಟಿದ ತುಣುಕನ್ನು ಅದು ಕೀಳಲಾರದು, ಬಿಸಿನೀರೂ ಕೀಳಲಾರದು.

ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಸುಮ್ನೆ ನಿಲ್ಲಿಸಬೇಡಿ. ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ. ಎಷ್ಟೋ ಸಲ ಮಾತ್ರೆ ನಿಲ್ಲಿಸದೆಯೇ ಹಲ್ಲು ಕೀಳುತ್ತಾರೆ.