ಯಾರೂ ಕೇಳದವರನ್ನೇ ಕೇಳಿ

ಸಂಜೆ ಕಾಫಿ ಲೋಟ ಹಿಡಿದು ಕೂತಾಗ ಕೇಳಲು, ತಾವೇ ಬರೆದು ಒಂದೇ ಗಿಟಾರಿನ ಜೊತೆ ಹಾಡುವವರು ಯಾರಾದರೂ ಇದ್ದರೆ ತಿಳಿಸಿ ಎಂದು ಆ ಸಂಗೀತದ ಅಭಿಮಾನಿಯೊಬ್ಬರನ್ನು ವಿನಂತಿಸಿದ್ದೇ ನಾನು ಮಾಡಿದ ತಪ್ಪು. ಸಾಲದೆಂಬಂತೆ ಬಾಯ್ತಪ್ಪಿ ಬಾಬ್ ಡಿಲನ್ ಹೆಸರೆತ್ತಿದೆ. ಮಡಿಯುಟ್ಟವರಿಗೆ ಮೈಲಿಗೆ ತಗುಲಿದಂತೆ ಅವರು ಕುರ್ಚಿಯಲ್ಲೇ ಹಿಂದೆ ಸರಿದರು. 2016ರಲ್ಲಿ ನೊಬೆಲ್ ಪಡೆದವರ ಹೆಸರನ್ನು ಹೇಳುವುದು, ಊಟಕ್ಕೆ ಬಂದವರ ಮುಂದೆ ‘ಅನ್ನ ಅಂತ ಒಂದಿದೆ, ರುಚಿ ನೋಡಿ’ ಎನ್ನುವುದಕ್ಕೆ ಸಮವಂತೆ.

ಈ ವಲಯದಲ್ಲಿ ಗಾಯಕರ ಯೋಗ್ಯತೆಯನ್ನು ಅಳೆಯುವುದು ಮಾರಾಟವಾಗದೆ ಉಳಿದ ರೆಕಾರ್ಡುಗಳ ಲೆಕ್ಕದಿಂದ. ಇಂಗ್ಲೆಂಡಿನ ನಿಕ್ ಡ್ರೇಕ್ ಇವರೆಲ್ಲರ ಕುಲದೇವರು. 1969ರಿಂದ 1972ರ ನಡುವೆ ಮೂರು ಆಲ್ಬಂ ತಂದು, ಬದುಕಿರುವಾಗ ಒಂದೂ 5,000 ಪ್ರತಿ ಮಾರಾಟವಾಗುವುದನ್ನು ಕಾಣದೆ, 1974ರಲ್ಲಿ 26ನೆಯ ವಯಸ್ಸಿಗೇ ತೀರಿಕೊಂಡ ಅವರಲ್ಲಿ ಸಕಲ ಅರ್ಹತೆಗಳೂ ಒಂದೆಡೆ ಕೂಡಿವೆ. ಆದರೆ ಅವರು ಸತ್ತ ಕಾಲು ಶತಮಾನದ ಮೇಲೆ ಕೊನೆಯ ಆಲ್ಬಮ್ಮಿನ ಹಾಡೊಂದು ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಬಳಕೆಯಾಗಿ, ರೆಕಾರ್ಡುಗಳು ಏಕಾಏಕಿ ಖರ್ಚಾದವು. ಅಂದಿನಿಂದ ಭಕ್ತರಲ್ಲಿ ಎರಡು ಪಂಕ್ತಿ; ಕಾರು ನೋಡಿ ಹಾಡಿಗೆ ಬಂದವರಿಗೆ ಎಲೆ ಹಾಕುವುದು ಹೊರಜಗಲಿಯಲ್ಲಿ.

ವ್ಯಾಷ್ಟಿ ಬನ್ಯನ್ ಅವರದು ಇನ್ನೂ ಉಚ್ಚ ಶ್ರೇಣಿ. 1970ರ ಮೊದಲ ಆಲ್ಬಮ್ಮನ್ನು ಯಾರೂ ಕೊಳ್ಳಲಿಲ್ಲವೆಂದು ಹಾಡುವುದನ್ನೇ ಬಿಟ್ಟು ಮಕ್ಕಳನ್ನು ಬೆಳೆಸಿದ ಆಕೆ, ಎರಡನೆಯದನ್ನು ತಂದದ್ದು 2005ರಲ್ಲಿ. ನಡುವಿನ 35 ವರ್ಷಗಳ ಮೌನವನ್ನು ನಮ್ಮ ಅಭಿಮಾನಿ ರಾಗವಾಗಿ ವರ್ಣಿಸಿದರು. ಹಾಡು ಹೇಗಿದೆಯೆಂದು ಕೇಳಿದ್ದಕ್ಕೆ, ಅದು ಮಾತಿಗೆ ನಿಲುಕುವಂಥದ್ದಲ್ಲವೆಂದು ಅರ್ಧ ಗಂಟೆ ಮಾತಾಡಿದರು. (ಕಾಫಿ ಆರಿತ್ತು.)

ಇದೆಲ್ಲ ನಡೆದದ್ದು ಇಂದಿರಾನಗರದ ಒಂದು ಕೆಫೆಯಲ್ಲಿ, ಭಾನುವಾರ ಸಂಜೆ. ಮೂಲೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ ಹುಡುಗಿಯೊಬ್ಬಳು ತಾನೇ ಬರೆದ ಕನ್ನಡ ಹಾಡನ್ನು ಗಿಟಾರು ನುಡಿಸುತ್ತ ಹಾಡುತ್ತಿದ್ದಳು. ಸಾಲುಗಳನ್ನು ಬರೆದುಕೊಂಡಿದ್ದ ನೋಟ್‌ಪುಸ್ತಕ ಫ್ಯಾನಿನ ಗಾಳಿಗೆ ಮಗುಚದಂತೆ ಅದರ ಮೇಲೆ ತನ್ನ ಮೊಬೈಲು ಇಟ್ಟಿದ್ದಳು. ಅಭಿಮಾನಿಗಳು ಅಷ್ಟರಲ್ಲಿ ಮತ್ತೆ ಡ್ರೇಕ್ ಕಥೆಗೆ ಮರಳಿದ್ದರು: ಪ್ರತಿ ಹಾಡಿನ ನಂತರ ತಲೆ ತಗ್ಗಿಸಿ, ಒಂದೂ ಮಾತಾಡದೆ, ತಂತಿಗಳನ್ನು ಹೊಸದಾಗಿ ಶ್ರುತಿ ಮಾಡಿಕೊಳ್ಳುತ್ತಿದ್ದ ಆ ಸಂಕೋಚದ ಹುಡುಗನ ಎದುರು ಕ್ಲಬ್ಬಿನ ಜನ ತಮ್ಮತಮ್ಮಲ್ಲೇ ಹರಟುತ್ತ ಕೂತಿರುತ್ತಿದ್ದರಂತೆ.

“ಎಂಥ ಅರಸಿಕರು ಸಾರ್! ಎದುರಿಗೇ ಕೂತು ಹಾಡ್ತಿದ್ದಾನೆ, ಕಿವಿ ಕೊಡೋದಕ್ಕೇನು ರೋಗ ಅವರಿಗೆ?” ಎಂದು ಅವರು ಮೇಜು ಕುಟ್ಟಿದರು.

ಮೂಲೆಯಲ್ಲಿ ಹಾಡು ಮುಗಿದಿತ್ತು. ಚಪ್ಪಾಳೆ ಬೀಳಲಿಲ್ಲ. ಹುಡುಗಿ ತಲೆ ತಗ್ಗಿಸಿ ಎರಡನೆಯ ತಂತಿಯ ಕಿವಿ ಹಿಂಡಿ, ಮುಂದಿನ ಹಾಡನ್ನು ಎತ್ತಿಕೊಂಡಳು.

ಅಭಿಮಾನಿಗಳು ಹುಬ್ಬು ಗಂಟಿಕ್ಕಿ ಮಾಣಿಯನ್ನು ಕರೆದರು. “ಮಾತೇ ಕೇಳಿಸ್ತಿಲ್ಲ ಕಣಪ್ಪ. ಆ ಸೌಂಡು ಸ್ವಲ್ಪ ಕಮ್ಮಿ ಮಾಡೋಕೆ ಹೇಳು.”