ಪುಣೆಯ ಗುಡ್ಡಗಳ ನಡುವೆ ಇರುವ ಜಾಗ

ಪುಣೆಯಲ್ಲಿ ಗುಡ್ಡಗಳನ್ನು ಉಳಿಸಬೇಕೆಂದರೆ ಬೇಡ ಎನ್ನುವವರು ವಿರಳ. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ ರಸ್ತೆ ಹಾಯಿಸುವ ಪ್ರಸ್ತಾವದ ವಿರುದ್ಧ 2023ರಲ್ಲಿ ಜನ ಬೀದಿಗಿಳಿದಾಗ, ಕೋಥ್ರೂಡಿನ ನಮ್ಮ ಕನ್ನಡ ಬಳಗದವರೂ ಅದರಲ್ಲಿದ್ದರು. ನನ್ನ ತಕರಾರು ಬೇರೆ. ಒಂದೊಂದು ಗುಡ್ಡಕ್ಕೂ ನಾವು ಬೇರೆ ಬೇರೆಯಾಗಿ ಹೋರಾಡುತ್ತೇವೆ. ಎರಡು ಗುಡ್ಡಗಳ ನಡುವೆ ಇರುವ ಜಾಗದ ಬಗ್ಗೆ ಕೇಳುವವರೇ ಇಲ್ಲ.

ವೇತಾಳ ಟೇಕಡಿಯ ಪಶ್ಚಿಮಕ್ಕೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಕಾಡು, ವಾಯವ್ಯಕ್ಕೆ ಪಾಷಾಣ್–ಬಾಣೇರ್ ಗುಡ್ಡ, ಆಗ್ನೇಯಕ್ಕೆ ಪರ್ವತಿ–ತಳಜಾಯಿ, ಅದರ ದಕ್ಷಿಣಕ್ಕೆ ಕಾತ್ರಜ್, ಅಲ್ಲಿಂದ ಸಿಂಹಗಡದ ಸಾಲು ಸಹ್ಯಾದ್ರಿಯನ್ನು ಸೇರುತ್ತದೆ. ನಡುವೆ ಮನೆ, ಹೆದ್ದಾರಿ, ಗೋಡೆ. ಹೀಗೆ ತುಂಡಾದ ಗುಡ್ಡದಲ್ಲಿ ಒಂದು ಪ್ರಾಣಿಯೋ ಸಸ್ಯವೋ ಒಮ್ಮೆ ಇಲ್ಲವಾದರೆ ಹೊರಗಿನಿಂದ ಅದು ಮತ್ತೆ ಬಂದು ನೆಲೆಯೂರುವ ದಾರಿ ಮುಚ್ಚಿರುತ್ತದೆ. ಉಳಿದವು ತಮ್ಮತಮ್ಮಲ್ಲೇ ಕೂಡಿ ತಲೆಮಾರಿನಿಂದ ತಲೆಮಾರಿಗೆ ಕಸುವು ಕಳೆದುಕೊಳ್ಳುತ್ತವೆ. ಬೇಲಿ ಎಷ್ಟು ಗಟ್ಟಿಯಾಗಿದ್ದರೂ ಈ ನಷ್ಟ ನಿಲ್ಲುವುದಿಲ್ಲ.

ಗುಡ್ಡದ ಮೇಲಾದರೂ ಎಲ್ಲ ಸರಿಯಿದೆಯೇ? ನಮ್ಮೂರ ಬದುಗಳಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಬೆಳೆಸುವ ಗ್ಲಿರಿಸಿಡಿಯಾವನ್ನು ಇಲ್ಲಿ ಗುಡ್ಡದ ತುಂಬ ನೆಟ್ಟಿದ್ದಾರೆ. ಅದರ ನೆರಳಿಗೆ ಹೋಗಿ ನೋಡಿದರೆ ಒಣಗಿದ ಎಲೆಯ ಹಾಸು, ಅಲ್ಲಲ್ಲಿ ಬೋಳು ಮಣ್ಣು. ಹತ್ತು ಹೆಜ್ಜೆ ಆಚೆ, ಯಾರೂ ಗಿಡ ನೆಡದ ಬಯಲಲ್ಲಿ, ಪ್ಯಾಂಟಿಗೆ ಚುಚ್ಚಿಕೊಳ್ಳುವ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಗೌಜಲ, ಲಾವುಗೆಗಳಂಥ ಹಕ್ಕಿಗಳು ಮೊಟ್ಟೆಯಿಡುವುದು ಅಂಥ ಹುಲ್ಲಿನ ಬುಡದಲ್ಲಿ. ದಖ್ಖನದ ಈ ಭಾಗದ ಸಹಜ ರೂಪವೇ ಹುಲ್ಲು ಮತ್ತು ಅಲ್ಲಲ್ಲಿ ಮರ. ಆದರೆ ವನಮಹೋತ್ಸವದ ಫೋಟೋದಲ್ಲಿ ಹುಲ್ಲು ಚೆನ್ನಾಗಿ ಕಾಣುವುದಿಲ್ಲವಲ್ಲ!

ಗುಡ್ಡಗಳನ್ನು ಬೆಸೆಯಲು ಹೊಸ ಜಾಗ ಹುಡುಕಬೇಕಾಗಿಲ್ಲ, ಹಳ್ಳಗಳಿವೆ. ಅಂಬಿಲ್ ಓಢಾ ಎಂಬ ಹಳ್ಳ ಕಾತ್ರಜ್ ಗುಡ್ಡಗಳಲ್ಲಿ ಹುಟ್ಟಿ, ತಳಜಾಯಿ–ಪರ್ವತಿಗಳ ಬುಡದಲ್ಲೇ ಹರಿದು ಮುಠಾ ನದಿಗೆ ಸೇರುತ್ತದೆ. ಅಂದರೆ ಎರಡು ಗುಡ್ಡಗಳನ್ನು ನೀರು ಈಗಾಗಲೇ ಜೋಡಿಸಿಟ್ಟಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಅದೇ ಹಳ್ಳ ಉಕ್ಕಿ ಜನರ ಜೀವ ತೆಗೆದುಕೊಂಡಿತು. ಆಮೇಲೆ ನಮಗೆ ಹೊಳೆದ ಪರಿಹಾರ ಎರಡೂ ಬದಿಗೆ ತಡೆಗೋಡೆ. ಗೋಡೆಗೆ ಬದಲು ದಡದಲ್ಲಿ ಒಂದಿಷ್ಟು ಅಗಲ ಬಿಟ್ಟು, ಹೊಂಗೆ, ಅತ್ತಿ, ನೀರಂಜಿಗಳನ್ನು ಬೆಳೆಯಲು ಬಿಟ್ಟರೆ ನೆರೆಗೂ ಜಾಗವಾಗುತ್ತದೆ, ಮುಂಗುಸಿ, ಪುನುಗುಗಳಿಗೂ ರಾತ್ರಿಯ ದಾರಿಯಾಗುತ್ತದೆ. ಪಾಷಾಣ್ ಕೆರೆಯ ಮೂಲಕ ಹಾದು ಮುಳಾ ಸೇರುವ ರಾಮನದಿಯ ವಿಷಯವೂ ಇಷ್ಟೇ. ಬೆಂಗಳೂರಿನ ರಾಜಕಾಲುವೆಗಳ ಗತಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳವಿಲ್ಲದ ಕಡೆ ಕೆಲಸ ಕಷ್ಟ, ಖರ್ಚೂ ಹೆಚ್ಚು. ಚಾಂದನಿ ಚೌಕದಲ್ಲಿ, ನಾವು ಊರಿಗೆ ಹೋಗುವ ಅದೇ ಮುಂಬೈ–ಬೆಂಗಳೂರು ಹೆದ್ದಾರಿ, ವೇತಾಳ ಟೇಕಡಿಯ ಕಡೆಯಿಂದ ಎನ್‌ಡಿಎ ಕಾಡನ್ನು ಬೇರ್ಪಡಿಸಿದೆ. 2022ರ ಅಕ್ಟೋಬರ್ 2ರಂದು ಹಳೆಯ ಸೇತುವೆಯನ್ನು ಸಿಡಿಸಿ, ಮರುವರ್ಷ ಹೊಸ ಮೇಲ್ಸೇತುವೆಗಳನ್ನು ತೆರೆದಾಗ ಊರೆಲ್ಲ ಮಾತಾಡಿದ್ದು ವಾಹನಗಳ ಬಗ್ಗೆ ಮಾತ್ರ. ಇದೇ ರಾಜ್ಯದ ಪೆಂಚ್ ಕಾಡಿನಲ್ಲಿ ಹುಲಿಗಳು ದಾಟಲೆಂದೇ ರಾಷ್ಟ್ರೀಯ ಹೆದ್ದಾರಿ 44ನ್ನು ಕಂಬಗಳ ಮೇಲೆ ಎತ್ತಿದ್ದಾರೆ, ಹುಲಿಗಳು ಅದರಡಿ ಓಡಾಡುತ್ತಲೂ ಇವೆ. ಮುಂಗುಸಿಗೆ ಅಷ್ಟು ದೊಡ್ಡದು ಬೇಡ, ಮಳೆಗಾಲದಲ್ಲೂ ಒಂದು ಅಂಚು ಒಣಗಿರುವ ಅಗಲವಾದ ಮೋರಿ ಸಾಕು.

ಜಮೀನಿನ ಪ್ರಶ್ನೆಯನ್ನು ಮಾತ್ರ ತೇಲಿಸಿ ಬಿಡುವಂತಿಲ್ಲ. ನಗರಕ್ಕೆ ಸೇರಿದ 23 ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 978 ಹೆಕ್ಟೇರನ್ನು ಜೀವವೈವಿಧ್ಯ ಉದ್ಯಾನಕ್ಕೆಂದು ಮೀಸಲಿಟ್ಟು, ಮಾಲೀಕರಿಗೆ ಹಣದ ಬದಲು ಶೇಕಡಾ 8ರಷ್ಟು ಟಿಡಿಆರ್ (ಬೇರೆಡೆ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ನಿರ್ಮಾಣದ ಹಕ್ಕು) ಎಂದರು. ಅದಕ್ಕೆ ಯಾರು ಒಪ್ಪುತ್ತಾರೆ? ಪೂರ್ತಿ 978 ಹೆಕ್ಟೇರಿಗೆ ಹಣ ಹೊಂದಿಸುವುದು ಸದ್ಯಕ್ಕೆ ಆಗದ ಮಾತಾದರೆ, ಮೊದಲು ಹಳ್ಳದ ದಡಗಳನ್ನು ಮತ್ತು ಎರಡು ಗುಡ್ಡಗಳ ನಡುವಿನ ಕಿರಿದಾದ ಪಟ್ಟಿಗಳನ್ನು ಸರ್ವೆ ನಂಬರ್ ಸಮೇತ ಗುರುತಿಸಿ, ಅವುಗಳಿಗೆ ಮಾರುಕಟ್ಟೆ ದರದಲ್ಲಿ ನಗದು ಕೊಟ್ಟು ಕೊಳ್ಳಬೇಕು. ಕಡಿದಾದ ಇಳಿಜಾರಿನಲ್ಲಿ ಕಟ್ಟಡಕ್ಕೆ ನಿಯಮದ ತಡೆಯಾದರೂ ಇದೆ. ಸಮತಟ್ಟಾದ ಈ ಪಟ್ಟಿಗಳಿಗೆ ಇಳಿಜಾರಿನ ಆ ತಡೆ ಅನ್ವಯಿಸುವುದಿಲ್ಲ, ಬಿಲ್ಡರ್ ಮೊದಲು ಬರುವುದು ಅಲ್ಲಿಗೇ.